ಬಿರೋಬಾ ಪಾಕೀಟು ಕೇಳಿರಲಿಲ್ಲ

ಕುರಿ ಸತ್ತರೆ ನಮ್ಮ ಕಡೆ ಮೊದಲು ಹುಡುಕುವುದು ವೈರಿಯನ್ನು. ಕಾರಣ ಹುಡುಕುವ ಪುರುಸೊತ್ತು ಯಾರಿಗಿದೆ? ತಡವಳದ ಕಾಮಣ್ಣನ ಹಟ್ಟಿಯಲ್ಲಿ ಹತ್ತೇ ದಿನದೊಳಗೆ ಮೂರನೆಯ ಕುರಿ ಕಾಲು ಚಾಚಿ ಮಲಗಿದ್ದ ಆ ಸೋಮವಾರ ಬೆಳಿಗ್ಗೆಯೂ ಹಾಗೇ ಆಯಿತು.

“ಇದು ಗುರುಸಿದ್ಧನ ಕೆಲಸ!” ಕಾಮಣ್ಣ ರುಮಾಲು ಕೊಡವಿ ಎದ್ದ. “ಹ್ವಾದ ತಿಂಗಳ ನಮ್ಮ ಕುರಿ ಅವನ ತೊಗರ್ಯಾಗ ಹೊಕ್ಕಿದ್ವು. ಆ ಸಿಟ್ಟಿಗೆ ವಿಷಾ ಹಾಕ್ಯಾನ.”

“ಅಂವ ಹದಿನೈದ ದಿನದಿಂದ ಪುಣೇದಾಗ ಮಗಳ ಮನ್ಯಾಗ ಅದಾನ್ರಿ,” ಎಂದಳು ಹೆಂಡತಿ ಹಣಮವ್ವ.

“ಹಂಗಾರ ಹೋಗೂ ಮುಂದ ಹಾಕಿ ಹೋಗ್ಯಾನ!”

ಮಗಳು ಸಪ್ನಾ ಕಾಲೇಜಿನ ಚೀಲ ಹೆಗಲಿಗೇರಿಸಿಕೊಂಡೇ ಹಟ್ಟಿಗೆ ಬಂದಳು. ಅಕ್ಕಲಕೋಟದಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ. ಊರಿನ ಯಾರ ದನಿಯೂ ಅವಳ ಗಂಟಲಿನಿಂದ ಬಚಾವಾಗಿರಲಿಲ್ಲ. ಬಸ್ ಕಂಡಕ್ಟರನಿಂದ ಊರಿನ ಭೂಲೆಕ್ಕ ಬರೆಯುವ ತಲಾಠಿಯವರೆಗೆ ಎಲ್ಲರ ನಕಲು ಮಾಡಿ ಓಣಿಯನ್ನು ನಗಿಸುತ್ತಿದ್ದಳು. ಅವತ್ತು ನಕಲು ಹೊರಡಲಿಲ್ಲ. ಸತ್ತದ್ದು ಅವಳೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಕುರಿ. ಅದರ ಎಡಹೊಟ್ಟೆ ಡೊಳ್ಳಿನಂತೆ ಉಬ್ಬಿತ್ತು.

“ಇನ್ನ ಮೂವತ್ತೆಂಟ ಉಳದಾವು. ಹನ್ನೊಂದ ಗಬ್ಬ ಅದಾವು,” ಎಂದು ಕಾಮಣ್ಣ ಗುಡಿಯ ದಿಕ್ಕಿಗೆ ಕೈ ಮುಗಿದ. “ಬಿರೋಬಾ, ಬರೋ ಐತವಾರ ನಿನಗ ಐದನೂರ ಪಾಕೀಟ ಭಂಡಾರ ಹಾರಸ್ತೀನಿ. ಮುಂದ ಒಂದ ಕುರಿ ಸಾಯಬಾರದು ನೋಡ.”

ಭಂಡಾರ ಅಂದರೆ ದೇವರ ಹೆಸರಿನಲ್ಲಿ ಮುಷ್ಟಿ ತುಂಬ ತೂರುವ ಅರಿಶಿನ, ಜೊತೆಗೆ ಒಂದಿಷ್ಟು ಒಣಕೊಬ್ಬರಿ. ಹಿಂದೆ ಅದು ಬಟ್ಟೆಯ ಚೀಲದಲ್ಲಿ ಬರುತ್ತಿತ್ತು. ಈಗ ನಾಲ್ಕೈದು ವರ್ಷದಿಂದ ಗುಡಿಯೆದುರಿನ ಸಾಯಬಣ್ಣನ ಅಂಗಡಿಯಲ್ಲಿ ಬೆರಳುದ್ದದ ಪ್ಲಾಸ್ಟಿಕ್ ಪಾಕೀಟಿನಲ್ಲಿ ಸಿಗುತ್ತದೆ. ಮೇಲೆ ದೇವರ ಚಿತ್ರ. ಹಲ್ಲಿನಿಂದ ಹರಿಯುವುದು, ಭಂಡಾರ ಮೇಲಕ್ಕೆ ತೂರುವುದು, ಪಾಕೀಟು ಕೆಳಕ್ಕೆ ಒಗೆಯುವುದು. ಮೇಲೆ ಹೋದದ್ದು ದೇವರಿಗೆ. ಕೆಳಗೆ ಬಿದ್ದದ್ದು ಯಾರಿಗೆ ಎಂದು ಯಾರೂ ಕೇಳಲಿಲ್ಲ.

ಸಪ್ನಾ ಆ ದಿನದ ಬಸ್ಸು ಬಿಟ್ಟಳು. ಬಂಡೆಪ್ಪನ ಮಗ ಸುಮಿತನಿಗೆ ಫೋನು ಹಚ್ಚಿದಳು. ಸುಮಿತ ಅದೇ ಊರಿನ ಹುಡುಗ, ಈಗ ದನದ ಡಾಕ್ಟರ್. ಬೈಕಿನ ಮೇಲೆ ಗಂಟೆಯೊಳಗೆ ಬಂದ.

“ಕಾಕಾ, ಹೊಟ್ಟಿ ಕೊಯ್ದ ನೋಡೂಣು. ಯಾಕ ಸತ್ತತಿ ಅನ್ನೂದು ತಿಳೀತೈತಿ.”

“ಕೊಯ್ಯಿ ತಮ್ಮಾ, ಕೊಯ್ಯಿ! ವಿಷಾ ಅಂತ ಬರದ ಕೊಡು. ಗುರುಸಿದ್ಧನ್ನ ಕೋರ್ಟ್ ಕಟ್ಟಿ ಹತ್ತಸ್ತೀನಿ,” ಎಂದು ಹೇಳಿ ಕಾಮಣ್ಣ ಹರಕೆಯ ಪಾಕೀಟು ತರಲು ಅಂಗಡಿಗೆ ಹೋದ.

ಸುಮಿತ ಕೈಗವಸು ಹಾಕಿಕೊಂಡು ಕೊಯ್ದ. ಒಳಗಿನಿಂದ ಗಟ್ಟಿ ಉಂಡೆಯೊಂದು ಬಂತು. ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು ದೊಡ್ಡದು. ನೀರು ಸುರಿದು ಬಿಡಿಸಿದರೆ ಹಗ್ಗದ ತುಂಡು, ಗುಟಕಾ ಚೀಟಿ, ಮತ್ತೆ ಒಂದರ ಮೇಲೊಂದು ಅಂಟಿಕೊಂಡ ಹಳದಿ ಪಾಕೀಟುಗಳು. ಅಷ್ಟು ದಿನ ಹೊಟ್ಟೆಯಲ್ಲಿದ್ದರೂ ಅಕ್ಷರ ಮಾಸಿರಲಿಲ್ಲ. ‘ಶ್ರೀ ಬಿರೋಬಾ ಪ್ರಸನ್ನ.’

ಅದೇ ಹೊತ್ತಿಗೆ ಕಾಮಣ್ಣ ತಲೆಯ ಮೇಲೆ ರಟ್ಟಿನ ಪೆಟ್ಟಿಗೆ ಹೊತ್ತು ಬಂದ. ಪಾಕೀಟಿನ ಮೇಲಿನ ಚಿತ್ರ ಕಂಡದ್ದೇ ತಡ, ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದು ಇನ್ನೊಂದು ಕೈ ಎದೆಗೆ ಹಚ್ಚಿ ಅಲ್ಲೇ ಬಗ್ಗಿದ. “ಯಪ್ಪಾ! ಕುರಿ ಹೊಟ್ಟ್ಯಾಗ ದೇವ್ರ ಕುಂತಾನ!”

ಸಪ್ನಾಳ ತಲೆ ಕಾದ ಹಂಚಾಯಿತು. “ದೇವ್ರಲ್ಲಪಾ, ಪಾಕೀಟ! ನಿನ್ನ ತಲಿ ಮ್ಯಾಲ ಅದಾವಲ್ಲ, ಅವ ಪಾಕೀಟ! ಇವನ್ನ ತಿಂದ ಕುರಿ ಸಾಯಾಕತ್ತಾವು. ಕುರಿ ಸಾಯಬಾರದು ಅಂತ ನೀ ಇನ್ನ ಐದನೂರ ತಂದೀದಿ!”

“ನಿಮ್ಮ ಕಾಲೇಜ ನನಗ ಕಲಿಸಬ್ಯಾಡ. ಕುರಿ ಮುಳ್ಳ ತಿಂದ್ರೂ ಕರಗಸ್ತಾವು. ಇಷ್ಟ ತೆಳ್ಳನ ಹಾಳಿಗೆ ಸಾಯ್ತಾವೇನು?”

“ಮುಳ್ಳ ಕರಗತೈತಿ ಕಾಕಾ, ಪ್ಲಾಸ್ಟಿಕ್ ಕರಗೂದಿಲ್ಲ,” ಎಂದ ಸುಮಿತ. “ಹೊರಗೂ ಬರೂದಿಲ್ಲ. ಕೊಬ್ಬರಿ ವಾಸನಿಗೆ ತಿಂತಾವು. ಇವತ್ತ ಒಂದು, ನಾಳಿ ಎರಡು, ಒಳಗ ಕೂಡಿ ಕೂಡಿ ಉಂಡಿ ಆಗತೈತಿ. ಹೊಟ್ಟಿ ತುಂಬೇತಿ ಅಂತ ಕುರಿ ಮೇವು ಬಿಡತೈತಿ. ಮೆಲಕ ನಿಲ್ಲತೈತಿ. ಗಾಳಿ ತುಂಬಿ ಎಡಹೊಟ್ಟಿ ಉಬ್ಬತೈತಿ, ಉಸುರ ಕಟ್ಟತೈತಿ. ಉಪಾಸ ಬಿದ್ದ ಸಾಯೂದು ಅದು, ಹೊಟ್ಟಿ ತುಂಬಿದ್ದ ಉಪಾಸ.”

ಹೇಳುತ್ತಲೇ ಅವನು ಉಂಡೆಯ ನಡುವಿನಿಂದ ಒಂದು ಕ್ಯಾರಿಬ್ಯಾಗು ಎಳೆದ. ಕಟ್ಟಿದ ಗಂಟು ಕಟ್ಟಿದಂತೆಯೇ ಇತ್ತು. ಮೇಲೆ ಸೊಲ್ಲಾಪುರದ ಒಂದು ಸೀರೆ ಅಂಗಡಿಯ ಹೆಸರು. ಪಂಚಮಿಗೆ ಅವ್ವನ ಸೀರೆ ತಂದ ಚೀಲ ಅದು. ಮಿಕ್ಕ ಅನ್ನ ಅದರಲ್ಲಿ ಹಾಕಿ, ಬಿಗಿಯಾಗಿ ಕಟ್ಟಿ, ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ತಿಪ್ಪೆಗೆ ಬೀಸಿ ಒಗೆದವಳು ಸಪ್ನಾಳೇ.

ಊರಿಗೆಲ್ಲ ಬಾಯಿ ಹಾಕುವ ಹುಡುಗಿ ಬಗ್ಗಿ ಆ ಗಂಟನ್ನು ಬಿಚ್ಚತೊಡಗಿದಳು.

ಕಾಮಣ್ಣನಿಗೂ ಅದು ಕಂಡಿತು. ಮಗಳನ್ನು ಬೈಯಲಿಲ್ಲ, ಆದರೆ ಪೆಟ್ಟಿಗೆಯನ್ನೂ ಇಳಿಸಲಿಲ್ಲ. “ಹರಕಿ ಅಂದ್ರ ಹರಕಿ. ದೇವ್ರಿಗೆ ಮಾತ ಕೊಟ್ಟೀನಿ,” ಎನ್ನುತ್ತ ಒಳಗೆ ಹೋದ.

ಭಾನುವಾರಕ್ಕೆ ಆರು ದಿನವಿತ್ತು. ಅಂದು ಅಪ್ಪ ಐದು ನೂರು ಪಾಕೀಟು ಹಂಚುತ್ತಾನೆ, ಊರು ಹರಿದು ಒಗೆಯುತ್ತದೆ, ಸೋಮವಾರ ಬೆಳಿಗ್ಗೆ ಮೂವತ್ತೆಂಟು ಕುರಿಗಳು ಅದೇ ಗುಡಿಯ ಬಯಲಿಗೆ ಮೇಯಲು ಹೋಗುತ್ತವೆ. ಸಪ್ನಾ ಮರುದಿನವೇ ಸಾಯಬಣ್ಣನ ಅಂಗಡಿಗೆ ಹೋದಳು.

“ನಾ ಮಾರತೀನಿ ಯವ್ವಾ, ಒಗಿತೀನೇನು?” ಎಂದ ಸಾಯಬಣ್ಣ. “ಮಂದೀಗೆ ಹೇಳು.”

ಮಂದಿಗೆ ಹೇಳಿದಳು. “ಒಂದ ನನ್ನ ಪಾಕೀಟಿಗೆ ಏನ ಆಗತೈತಿ? ಪಂಚಾಯತಿ ಕಸಾ ಹೊಡಸಲಿ,” ಎಂದಿತು ಮಂದಿ.

ಪಂಚಾಯತಿಗೆ ಹೋದಳು. ಕುರ್ಚಿಯಲ್ಲಿದ್ದವರು ಮರಾಠಿಯಲ್ಲಿ “ಬಘೂ, ಬಘೂ” ಎಂದರು. ನೋಡೋಣ, ನೋಡೋಣ ಅಂತ. ಕಿಟಕಿಯಾಚೆ ಬಯಲು ತುಂಬ ಪಾಕೀಟು ಹಳದಿ ಹೂವಿನಂತೆ ಹರಡಿದ್ದವು. ನೋಡಲು ಕತ್ತು ತಿರುಗಿಸಿದ್ದರೆ ಸಾಕಿತ್ತು. ನೋಡೋಣ ಅನ್ನುವವರು ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಾರೆ!

ಮಾರುವವನದು ತಪ್ಪಲ್ಲ, ಒಗೆಯುವವರದು ತಪ್ಪಲ್ಲ, ಗುಡಿಸಬೇಕಾದವರದು ತಪ್ಪಲ್ಲ. ಹಾಗಾದರೆ ತಪ್ಪು ಕುರಿಯದೇ ಇರಬೇಕು. ಅದಕ್ಕೆ ಓದು ಬರುವುದಿಲ್ಲ ನೋಡಿ!

ಗುರುವಾರ ಸಂಜೆ ಹಣಮವ್ವನ ಬಚತಗಟದ, ಅಂದರೆ ಉಳಿತಾಯ ಸಂಘದ, ಹೆಂಗಸರು ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿದ್ದರು. ಗಂಡಸರೂ ಅಲ್ಲಿಲ್ಲಿ ಕುಳಿತಿದ್ದರು. ಕಾಮಣ್ಣ ಕಂಬಳಿ ಹೊದ್ದು ಮೂಲೆಯಲ್ಲಿದ್ದ. ಗಟದ ಮುಖ್ಯಸ್ಥೆ ಲೀಲಾಬಾಯಿ ಸಪ್ನಾಳನ್ನು ಕಂಡು, “ಏ ಹುಡುಗಿ, ಭಾಳ ದಿನಾ ಆತು, ಒಂದ ನಕಲ ಆಗಲಿ,” ಎಂದಳು.

ಸಪ್ನಾ ಎದ್ದು ನಿಂತಳು. ಮೊದಲು ತನ್ನದೇ ನಕಲು ಮಾಡಿದಳು. ದುಪಟ್ಟಾ ಸರಿಮಾಡಿಕೊಂಡು, ಮೂಗಿನಿಂದ: “ಯವ್ವಾ, ಬಸ್ ಬಂತು! ಈ ಅನ್ನ ಕಟ್ಟಿ ಒಗಿತೀನಿ! ನಾ ಎನ್ವಾಯರ್ನಮೆಂಟ್ ಪೇಪರಿಗೆ ಹೊಂಟೀನಿ!” ಹೆಂಗಸರು ಬಿದ್ದು ಬಿದ್ದು ನಕ್ಕರು. ಆಮೇಲೆ ಸಾಯಬಣ್ಣನಾದಳು, ಹೊಟ್ಟೆ ಮುಂದೆ ಮಾಡಿ: “ನಾ ಮಾರತೀನಿ ಯವ್ವಾ, ಒಗಿತೀನೇನು?” ಸಾಯಬಣ್ಣನೂ ಹಲ್ಲು ಬಿಟ್ಟ. “ಬಘೂ, ಬಘೂ” ಬಂದಾಗ ಕಟ್ಟೆಯೇ ಅಲುಗಾಡಿತು.

ಕೊನೆಗೆ ಅವಳು ನೆಲಕ್ಕೆ ಕೂತು, ಒಂದು ಕೈ ಎಡಪಕ್ಕೆಗೆ ಒತ್ತಿಕೊಂಡು, ಕತ್ತು ಮುಂದೆ ಚಾಚಿದಳು. ಬಾಯಿ ತೆರೆದು ಉಸಿರಾಡತೊಡಗಿದಳು. ಗೊರ್... ಗೊರ್... ನಡುವೆ ಹಲ್ಲು ಕಡಿಯುವ ಸಪ್ಪಳ. ಮತ್ತೆ ಗೊರ್... ಅದು ಸಣ್ಣದಾಗುತ್ತ ಹೋಯಿತು. ಮೊದಲಿಗೆ ಯಾರೋ ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಅಲ್ಲಿದ್ದವರಲ್ಲಿ ಅರ್ಧ ಮಂದಿ ಕುರಿ ಸಾಕಿದವರು. ಆ ಸಪ್ಪಳ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

“ಸಾಕ ಮಾಡ ಮಗಳ,” ಎಂದ ಕಾಮಣ್ಣ. “ಮೂರ ಸಲಾ ಕೇಳೀನಿ ಅದನ್ನ. ಮಗ್ಗಲದಾಗ ಕುಂತ ಕೇಳೀನಿ. ಆದ್ರ ನಾ ಏನ ಮಾಡ್ಲಿ? ಐದನೂರ ಪಾಕೀಟ ಅಂತ ಬಾಯಿಬಿಟ್ಟ ಅಂದೀನಿ. ಹರಕಿ ಮುರದ್ರ ಉಳದದ್ದೂ ಹೋಗತಾವು.”

ಹಣಮವ್ವ ಕುಳಿತಲ್ಲಿಂದಲೇ ತಿರುಗಿದಳು. “ಅಲ್ರಿ, ಬಿರೋಬಾ ಪಾಕೀಟ ಕೇಳಿದ್ದನೇನ್ರಿ? ಭಂಡಾರ ಕೇಳ್ಯಾನ. ನಿಮ್ಮ ಅಪ್ಪ ಹಾರಸೂ ಮುಂದ ಪಾಕೀಟ ಎಲ್ಲಿತ್ತು?”

“ಕಂಬಳ್ಯಾಗ ಹಾಕ್ಕೊಂಡ ಬರತಿದ್ದ,” ಎಂದ ಕಾಮಣ್ಣ, ನಿಧಾನಕ್ಕೆ. “ಮಂದಿ ಮುಷ್ಟಿ ಮುಷ್ಟಿ ತಗೋತಿದ್ರು.”

“ಮತ್ತ? ಆಗ ದೇವ್ರ ಸಿಟ್ಟ ಆಗಿದ್ದನೇನು?”

ಸಾಯಬಣ್ಣ ಗೊಣಗಿದ. “ಪಾಕೀಟ ವಾಪಸ್ ತಗೊಳ್ಳೂದಿಲ್ಲ ಮತ್ತ ನಾ.”

“ಕೊಡಾಂವರ ಯಾರು?” ಎಂದಳು ಸಪ್ನಾ. “ಹರಕಿ ಮಾಲು ಹರಕಿಗೇ ಹೋಗತೈತಿ.”

ಶನಿವಾರ ಕಾಮಣ್ಣನ ಅಂಗಳದಲ್ಲಿ ಕಂಬಳಿ ಹಾಸಿದರು. ಸಪ್ನಾ, ಅವಳ ತಮ್ಮ ಸೋಮು, ಅಕ್ಕಲಕೋಟದ ಬಸ್ಸಿನ ಗೆಳತಿಯರು ಕತ್ತರಿ ಹಿಡಿದು ಕೂತರು. ಐದು ನೂರೂ ಪಾಕೀಟು ಕತ್ತರಿಸಿ ಭಂಡಾರವನ್ನು ಕಂಬಳಿಗೆ ಸುರಿದರು. ಮೊಣಕೈವರೆಗೆ ಎಲ್ಲರೂ ಮದುವಣಗಿತ್ತಿಯರಾದರು, ಸೋಮು ಸಹಿತ. ಖಾಲಿ ಪಾಕೀಟಿನ ಜೊತೆ ಗುಡಿಯ ಬಯಲಿನಿಂದ ಆರಿಸಿ ತಂದ ಹಳೆಯವನ್ನೂ ಗೋಣಿಚೀಲದಲ್ಲಿ ತುರುಕಿ ಬಾಯಿ ಹೊಲಿದರು. ಸುಮಿತ ಅದನ್ನು ಬೈಕಿಗೆ ಕಟ್ಟಿಕೊಂಡು ಅಕ್ಕಲಕೋಟದಲ್ಲಿ ಪ್ಲಾಸ್ಟಿಕ್ ತಗೊಳ್ಳುವ ಭಂಗಾರದ, ಅಂದರೆ ಗುಜರಿಯ, ಅಂಗಡಿಗೆ ಒಯ್ದ. ಭಂಡಾರ ದೇವರಿಗೆ, ಭಂಗಾರ ಅಂಗಡಿಗೆ.

ಭಾನುವಾರ ಕಾಮಣ್ಣ ಕಂಬಳಿಯ ನಾಲ್ಕೂ ಮೂಲೆ ಕೂಡಿಸಿ ಹೆಗಲ ಮೇಲೆ ಹೊತ್ತು ಗುಡಿಗೆ ಬಂದ. ಜನ ಮುಷ್ಟಿ ತುಂಬಿಕೊಂಡರು. ಆಕಾಶ ಹಳದಿಯಾಯಿತು, ನೆಲವೂ ಹಳದಿಯಾಯಿತು. ನೆಲದ ಮೇಲೆ ಅರಿಶಿನ, ಕೊಬ್ಬರಿ ಬಿಟ್ಟರೆ ಬೇರೇನೂ ಬೀಳಲಿಲ್ಲ. ಕೊಬ್ಬರಿ ತಿನ್ನಲಿ ಬಿಡಿ, ಕುರಿಗೆ ಅದೂ ಪ್ರಸಾದವೇ.

ಸಾಯಬಣ್ಣ ಅಂಗಡಿಯ ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದ. “ನನ್ನ ಹಂತೇಕ ಉಳದ ಪಾಕೀಟ ನಾ ಏನ ನೆಕ್ಲಿ?” ಎಂದ. ಆದರೂ ಮುಂದಿನ ವಾರ ಅಂಗಡಿ ಮುಂದೆ ಪರಾತದಲ್ಲಿ ಬಿಡಿ ಭಂಡಾರ ಕಂಡಿತು. ಪಕ್ಕದಲ್ಲಿ ಬಟ್ಟೆಯ ಬಟವೆಗಳು ತೂಗಾಡುತ್ತಿದ್ದವು. ಸೊಲ್ಲಾಪುರದ ಚಾದರದ ಕಾರಖಾನೆಯಿಂದ ಚಿಂದಿ ತಂದು ಲೀಲಾಬಾಯಿಯ ಗಟದವರು ಹೊಲಿದಂಥವು. ಒಮ್ಮೆ ಕೊಂಡರೆ ವರ್ಷಗಟ್ಟಲೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬರಬಹುದು.

ಇಲ್ಲಿಗೆ ಎಲ್ಲ ಸುಖವಾಯಿತು ಎಂದು ಹೇಳಿದರೆ ಸುಳ್ಳಾದೀತು. ಮುಂದಿನ ತಿಂಗಳು ಕಾಮಣ್ಣನ ಇನ್ನೆರಡು ಕುರಿ ಮೇವು ಬಿಟ್ಟವು. ಈ ಸಲ ಅವನು ಯಾರ ಹೆಸರನ್ನೂ ಹಿಡಿದು ಕೂಗಲಿಲ್ಲ. ತಾನೇ ಸುಮಿತನಿಗೆ ಫೋನು ಮಾಡಿದ. ಆಪರೇಶನ್ ಆಯಿತು. ಒಂದು ಬದುಕಿತು. ಗಬ್ಬವಿದ್ದ ಇನ್ನೊಂದು ಉಳಿಯಲಿಲ್ಲ, ಮರಿಯೂ ಉಳಿಯಲಿಲ್ಲ. ನಾವು ಒಗೆಯುವುದನ್ನು ಇವತ್ತು ನಿಲ್ಲಿಸಬಹುದು. ಮೊನ್ನೆ ಒಗೆದದ್ದು ಯಾವುದೋ ಹೊಟ್ಟೆಯಲ್ಲಿ ಇನ್ನೂ ಕೂತಿದೆ.

ಅಕ್ಕಂದಿರೆ, ಅಣ್ಣಂದಿರೆ, ಓದು ಮುಗಿಸಿ ಏಳುವ ಮೊದಲು ಒಂದು ಮಾತು. ಮಿಕ್ಕ ಅನ್ನ, ತರಕಾರಿ ಸಿಪ್ಪೆಯನ್ನು ಕ್ಯಾರಿಬ್ಯಾಗಿನಲ್ಲಿ ಕಟ್ಟಿ ಒಗೆಯಬೇಡಿರಿ. ದನದ ಕಲಗಚ್ಚಿನ ಬಾನಿಯಲ್ಲಿ ಸುರಿಯಿರಿ, ದನಕ್ಕೆ ಬರೀ ಮೇವೇ ಸಿಗಲಿ. ಗುಡಿಗೆ, ಸಂತೆಗೆ ಹೋಗುವಾಗ ಬಟ್ಟೆಯ ಚೀಲ ಒಯ್ಯಿರಿ. ಕುರಿ, ಆಡು, ಆಕಳು ಮೆಲುಕು ಹಾಕದೆ ಎಡಹೊಟ್ಟೆ ಉಬ್ಬಿಸಿಕೊಂಡು ನಿಂತರೆ ದೃಷ್ಟಿ ತೆಗೆಯುತ್ತ, ವೈರಿ ಹುಡುಕುತ್ತ ಕೂರಬೇಡಿರಿ. ತಡ ಮಾಡದೆ ದನದ ಡಾಕ್ಟರರನ್ನು ಕರೆಯಿರಿ. “ನಂದೇನ ತಪ್ಪು?” ಅನ್ನುವವರು ನಿಮ್ಮೂರಲ್ಲೂ ಇದ್ದಾರೆ. ಎದ್ದು ನಿಂತು ಅವರನ್ನು ಕೇಳಿರಿ, ಮೊದಲು ನಿಮ್ಮನ್ನೇ ಕೇಳಿಕೊಳ್ಳಿರಿ. ಸಪ್ನಾಳಂತೆ ನಕಲು ಮಾಡಲು ಬರದಿದ್ದರೂ ಚಿಂತೆಯಿಲ್ಲ. ಸಿಟ್ಟು ಮಾತ್ರ ಅಸಲಿ ಇರಲಿ.