ಗಾಜಿನ ಎಳೆಗೆ ಹಾಕಿದ ಕೆಚ್ಚು

ತೊಂಬತ್ತೈದನೇ ಇಸವಿಯ ಒಂದು ಮಂಗಳವಾರ ಇಡೀ ಭಾರತ ಫೋನಿನಲ್ಲಿ ಆಡಿದ ಮಾತೆಲ್ಲ ನನ್ನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಾದುಹೋಗಿದೆ. ದೆಹಲಿಯ ಮಂತ್ರಿ ಬೈದದ್ದು, ಬೊಂಬಾಯಿಯ ಸೇಟು ಅತ್ತದ್ದು, ಮದರಾಸಿನ ಮಾವ ಅಳಿಯನಿಗೆ ಸುಳ್ಳು ಹೇಳಿದ್ದು, ಎಲ್ಲವೂ ಬಿಸಿಬಿಸಿಯಾಗಿ ಬೆರಳಿಗೆ ತಾಗಿತು. ನಂಬದವರು ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ರಾಮಾಂಜಿನಪ್ಪ ಎಂದು ಕೇಳಲಿ. ಯಾರಾದರೂ ನಗುತ್ತಲೇ ದಾರಿ ತೋರಿಸುತ್ತಾರೆ.

ನನ್ನವು ನಾಲ್ಕು ಪವರ್‌ಲೂಮ್. ನಾನು ಸೆರಗಿನಲ್ಲಿ ನೇಯ್ದ ಗಿಳಿಗೆ ಹಾರಿ ಮೂರು ಬೆಕ್ಕು ಹಲ್ಲು ಮುರಿದುಕೊಂಡಿವೆ. ಮನೆ ಸಾಸಲು ರಸ್ತೆಯ ಬದಿಗೆ. ಟೆಲಿಫೋನಿನವರು ನಮ್ಮ ಬಾಗಿಲ ಮುಂದೆಯೇ ಕಪ್ಪು ಕೊಳವೆ ಹೂತುಕೊಂಡು ಹೋದರು. ಆಗ ಇಂಜಿನಿಯರ್ ಅರುಣಾ ಮೇಡಂ ನೀರು ಕೇಳಿಕೊಂಡು ಒಳಗೆ ಬಂದರು. ಅಷ್ಟು ಸಣ್ಣ ಕೊಳವೆಯಲ್ಲಿ ಮಾತು ಹೇಗೆ ಹೋಗುತ್ತದೆ ಎಂದು ಕೇಳಿದೆ. ಅವರು ಮಗ್ಗದ ಮೇಲೆ ತಿರುಗುತ್ತಿದ್ದ, ಸೆರಗಿನ ಚಿತ್ತಾರಕ್ಕೆ ತೂತು ಹೊಡೆದ ಜಕಾರ್ಡ್ ರಟ್ಟುಗಳನ್ನು ನೋಡಿದರು.

"ಈ ರಟ್ಟಲ್ಲಿ ತೂತು ಇದ್ರೆ ಏನಾಗುತ್ತೆ?"

"ಎಳೆ ಮೇಲೇಳ್ತದೆ ಮೇಡಂ. ಇಲ್ದಿದ್ರೆ ಮಲಗಿರ್ತದೆ."

"ನಮ್ದೂ ಅಷ್ಟೇ ಕಣ್ರೀ. ನಿಮ್ಮ ದನೀನ ಸೆಕೆಂಡಿಗೆ ಎಂಟು ಸಾವಿರ ಸಲ ಅಳೀತೀವಿ. ಒಂದೊಂದು ಅಳತೇನೂ ಹಿಂಗೇ ತೂತು ಇದೆ, ತೂತು ಇಲ್ಲ ಅಂತ ಬರ್ಕೊಳ್ತೀವಿ. ಇದೆ ಅನ್ನೋದಕ್ಕೆ ಬೆಳಕು ಮಿಂಚುತ್ತೆ, ಇಲ್ಲ ಅನ್ನೋದಕ್ಕೆ ಕತ್ತಲು. ಒಳಗಿರೋದು ಕೂದಲಿನಂಥ ಗಾಜಿನ ಎಳೆ. ಬೆಳಕು ಅದರ ಅಂಚಿಗೆ ಬಡಿದು ಬಡಿದು ಮುಂದಕ್ಕೆ ಹೋಗುತ್ತೆ, ಆಚೆ ಸೋರಲ್ಲ. ಆ ತುದೀಲಿ ಕೂತಿರೋ ಯಂತ್ರ ಬೆಳಕು ಕಂಡ್ರೆ ಒಂದು, ಕಾಣದಿದ್ರೆ ಸೊನ್ನೆ ಅಂತ ಓದ್ಕೊಂಡು ವಾಪಸ್ ದನಿ ಮಾಡುತ್ತೆ."

ಇಲಾಖೆಗೆ ಡಿಜಿಟಲ್ ವಿದ್ಯೆ ಕಲಿಸಿದವನು ನಾನೇ ಎಂದು ಆ ಸಂಜೆಯೇ ಬೀದಿಗೆಲ್ಲ ತಿಳಿಸಿದೆ.

ಕೇಬಲ್ ಕಾಯುವ ಕೆಲಸ ಅಪ್ಪಯ್ಯಣ್ಣನದು. ದಿನಾ ಬೆಳಿಗ್ಗೆ ಎಂಟು ಮೈಲಿ ನಡೆದು, ಯಾರೂ ಅಗೆಯದಂತೆ ನೋಡಿಕೊಳ್ಳಬೇಕು. ಹನ್ನೊಂದು ವರ್ಷ ದಿನಗೂಲಿಯಲ್ಲೇ ಸವೆದಿದ್ದ. ಆ ತಿಂಗಳು ಖಾಯಂ ಆಗುವವರ ಪಟ್ಟಿಯಲ್ಲಿ ಕೊನೆಗೂ ಅವನ ಹೆಸರು ಬಂದಿತ್ತು.

ಇನ್ನು ಆ ಮಂಗಳವಾರದ ಕಥೆ. ಹನ್ನೆರಡು ಜನ ಕಳ್ಳರು ಬಂದರು. ಒಬ್ಬೊಬ್ಬನೂ ತೆಂಗಿನಮರದಷ್ಟು ಎತ್ತರ. ತಾಮ್ರ ಸಿಗುತ್ತದೆಂದು ನಮ್ಮ ಬಾಗಿಲಲ್ಲೇ ಪಾತಾಳದವರೆಗೆ ಅಗೆದು ಕೇಬಲ್ ಕಡಿದರು. ನಾನು ಲಾಳಿ ಬೀಸಿದೆ. ಅದು ಹನ್ನೆರಡು ಹಣೆಗೂ ಬಡಿದು ಮರಳಿ ನನ್ನ ಕೈಗೇ ಬಂತು. ಅವರು ಓಡಿದ ಮೇಲೆ ನೋಡಿದರೆ ಭಾರತದ ಮಾತು ನಿಂತುಹೋಗಿದೆ. ಎಳೆ ಹರಿದರೆ ನೇಕಾರ ಸುಮ್ಮನಿರುತ್ತಾನೆಯೇ? ಹಳೆ ಹಾಸಿನ ಎಳೆಗೆ ಹೊಸ ಎಳೆ ಕೆಚ್ಚುವಾಗ ಮಾಡುವಂತೆ ಬೆರಳಿಗೆ ಬೂದಿ ಹಚ್ಚಿಕೊಂಡು, ತುದಿಗೆ ತುದಿ ಸೇರಿಸಿ ಹೊಸೆದು, ಮೇಲೊಂದು ನೇರಳೆ ರೇಷ್ಮೆ ದಾರ ಸುತ್ತಿ ಮಣ್ಣು ಮುಚ್ಚಿದೆ. ಭಾರತ ಮತ್ತೆ ಮಾತಾಡಿತು.

ಮಧ್ಯಾಹ್ನ ಅರುಣಾ ಮೇಡಂ ಅವರ ಜೀಪು ನೆಟ್ಟಗೆ ನಮ್ಮ ಬಾಗಿಲಿಗೇ ಬಂತು. ಎಕ್ಸ್‌ಚೇಂಜಿನಿಂದ ಎಳೆಯೊಳಗೆ ಬೆಳಕು ಬಿಟ್ಟು, ಕಡಿದ ಕಡೆಯಿಂದ ಅದು ಮರಳಲು ಹಿಡಿದ ಹೊತ್ತನ್ನು ಲೆಕ್ಕ ಹಾಕಿ ಬಂದಿದ್ದರಂತೆ. ನಾಲ್ಕು ಕಿಲೋಮೀಟರ್ ಇನ್ನೂರ ಹತ್ತು ಮೀಟರ್. ಆಳುಗಳು ಸಡಿಲ ಮಣ್ಣು ತೆಗೆದರು. ಬೂದಿ ಮೆತ್ತಿದ ಗಾಜಿನ ಚೂರುಗಳು, ನೇರಳೆ ದಾರ.

"ಬೆಳಿಗ್ಗೆಯಿಂದ ಫೋನು ಸತ್ತು ಬಿದ್ದಿದೆ ರಾಮಾಂಜಿನಪ್ಪಾ. ಗಾಜಿನ ತುದೀನ ನುಣ್ಣಗೆ ಕತ್ತರಿಸಿ, ಎದುರುಬದುರು ಇಟ್ಟು, ಕರಗಿಸಿ ಬೆಸೀಬೇಕು. ಹೊಸೆದ್ರೆ ಪುಡಿಯಾಗುತ್ತೆ. ಏನಾಯ್ತು ಇಲ್ಲಿ?"

ಜನ ಸೇರಿದ್ದರು. ನಾನು ಕಳ್ಳರ ಕಥೆಯನ್ನು ಲಾಳಿ ಸಮೇತ ಹೇಳಿದೆ. ಮೇಡಂ ಬರೆದುಕೊಂಡರು. ಆಮೇಲೆ ಅಪ್ಪಯ್ಯಣ್ಣನ ಕಡೆ ತಿರುಗಿದರು.

"ಹನ್ನೆರಡು ಜನ ಇಷ್ಟು ಆಳ ತೋಡೋವರೆಗೂ ನೀವೆಲ್ಲಿದ್ರಿ?"

"ಬೆಳಿಗ್ಗೆ ಏಳಕ್ಕೆ ಇಲ್ಲೇ ಹಾದೋದೆ ಅಮ್ಮಾ."

"ನಾನು ಇದನ್ನ ಮೇಲಕ್ಕೆ ಕಳಿಸ್ಬೇಕು. ಕಳಿಸಿದ್ರೆ ಪಟ್ಟೀಲಿ ನಿಮ್ಮ ಹೆಸರು ಉಳಿಯಲ್ಲ."

ಅಪ್ಪಯ್ಯಣ್ಣ ಹೆಗಲ ಮೇಲಿನ ಟವಲ್ಲು ತೆಗೆದು ಕೈಯಲ್ಲಿ ಹಿಡಿದ. ನನ್ನನ್ನು ನೋಡಿದ. ಅವನಿಗೆ ಗೊತ್ತಿದ್ದದ್ದನ್ನು ಅವನು ಹೇಳಲಿಲ್ಲ.

"ಮೇಡಂ, ಹನ್ನೆರಡು ಅಂದ್ನಾ? ಆರು ಇರ್ಬೋದು," ಎಂದೆ.

"ಆರಾದ್ರೂ ಕಾವಲುಗಾರಂಗೆ ಕಾಣ್ಬೇಕಿತ್ತಲ್ಲ."

"ಮೂರೇ ಜನ. ಸಣ್ಣೋರು."

"ಮೂರು ಜನ ಬಂದ್ರೂ ತಪ್ಪು ಇವರದ್ದೇ."

ಒಳಗಿನಿಂದ ಹೆಂಡತಿ ಜ್ಯೋತಿಲಕ್ಷ್ಮಿ ಕೂಗಿದಳು: "ಇನ್ನೂ ಇಳಿಸ್ರೀ, ಒಂದಕ್ಕೆ ಬನ್ನಿ!"

ಜನ ಗೊಳ್ಳೆಂದರು. ಅಪ್ಪಯ್ಯಣ್ಣ ನಗಲಿಲ್ಲ. ಮೇಡಂ ಪೆನ್ನು ಎತ್ತಿ ಕಾಯುತ್ತಿದ್ದರು.

"ಒಬ್ಬನೇ ಮೇಡಂ," ಎಂದೆ. "ನಾನು."

ಹೇಳಿಕೆಯನ್ನು ನನ್ನ ಕೈಯಿಂದಲೇ ಬರೆಸಿದರು. ಕಕ್ಕಸು ಗುಂಡಿಗೆ ಅಗೆದೆ ಎಂದು ಬರೆದೆ. ಹಿತ್ತಿಲಲ್ಲಿ ಬಂಡೆ ಇತ್ತು, ಮುಂದೆ ಮಣ್ಣು ಮೆತ್ತಗಿತ್ತು. ಅಪ್ಪಯ್ಯಣ್ಣ ಬೆಳಿಗ್ಗೆ ಏಳಕ್ಕೆ ಬಂದು "ಇಲ್ಲಿ ಬ್ಯಾಡ ಕಣಪ್ಪಾ, ಕೆಳಗೆ ಕೇಬಲ್ ಐತೆ" ಎಂದ. ಆಯಿತು ಎಂದು ಅವನನ್ನು ಕಳಿಸಿ, ಅವನು ತಿರುವು ದಾಟಿದ ಮೇಲೆ ಮತ್ತೆ ಹಾರೆ ಹಿಡಿದೆ. ಆಳ ಎಷ್ಟೆಂದು ಮೇಡಂ ಕೇಳಿದರು. ಮೂರು ಆಳುದ್ದ ಎಂದು ಬರೆಯಲು ಹೋದೆ. ಅವರು ಟೇಪು ಇಳಿಬಿಟ್ಟು ನನಗೇ ಓದಲು ಹೇಳಿದರು.

ಐದಡಿ ಎರಡಂಗುಲ ಎಂದು ಬರೆದು ಸಹಿ ಹಾಕಿದೆ.