ಬೆಟ್ಟ ಕಾಣುವ ಕಿಟಕಿ

"ಏಯ್ ಮುಂಡೆ, ಅತ್ಲಾಗೆ ಸಾಯೆ! ಬೆಟ್ಟಕ್ಕೆ ಅಡ್ಡ ನಿಂತಿದ್ದೀಯ!"

ಪಟೇಲ ಮುನಿನಾರಾಯಣಪ್ಪ ಕೂಗಿದಾಗ ಪಿಳ್ಳಮ್ಮನ ತಲೆಯ ಮೇಲೆ ಮಂಕರಿ ತುಂಬ ಹಸಿಮಣ್ಣಿತ್ತು. ಅವಳು ಪಕ್ಕಕ್ಕೆ ಸರಿದಳು.

ಕಟ್ಟುತ್ತಿದ್ದ ಮನೆಯ ಪಡಸಾಲೆಗೆ ಇನ್ನೂ ನೆಲ ಹಾಕಿರಲಿಲ್ಲ. ಅಲ್ಲಿ ಬೆತ್ತದ ಕುರ್ಚಿ ಹಾಕಿಸಿಕೊಂಡು ಅನಂತರಾಮಯ್ಯನವರು ಕುಳಿತಿದ್ದರು. ಮೈಸೂರು ಸರ್ಕಾರದಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಕೂತಲ್ಲಿಂದಲೇ ನಂದಿಬೆಟ್ಟ ಬುಡದಿಂದ ತುದಿಯವರೆಗೆ ಕಾಣಬೇಕೆಂದು ಪಟೇಲನಿಂದ ಈ ನೆಲ ಕೊಂಡಿದ್ದರು. ಅವರು ಕೈ ತಗ್ಗಿಸಿದಂತೆಲ್ಲ ಗಾರೆಯ ಕೋನಪ್ಪ ಕಿಟಕಿಯ ಜಾಗದಲ್ಲಿ ಒಂದೊಂದು ವರಸೆ ಇಟ್ಟಿಗೆ ಕಿತ್ತ. ಕೊನೆಗೆ ಗೋಡೆ ಮೊಣಕಾಲೆತ್ತರ ಉಳಿಯಿತು.

"ಈಗ ಚೆನ್ನಾಗಿದೆ," ಎಂದರು. "ಬುಡದಲ್ಲಿ ಅದೇನು ಹೊಗೆ, ಪಟೇಲರೆ?"

ಹೊಗೆ ಕೇರಿಯದು. ಏಳು ಗುಡಿಸಲು, ಒಂದು ಸೇದುವ ಬಾವಿ.

"ಅದೂ ತಮಗೆ ಮಾರಿರೋ ನೆಲಾನೇ ಬುದ್ಧಿ. ಸುಮ್ನೆ ಬಿದ್ಕೊಂಡವ್ರೆ. ಎತ್ತಿಸ್ತೀನಿ."

"ನನಗೆ ತಂಟೆ ತಕರಾರು ಬೇಡ. ಎಲ್ಲ ಕಾಗದದ ಮೇಲಿರಬೇಕು."

"ಎಲ್ಲೆಕಲ್ಲು ಕಳೆದೋಗೈತೆ. ಸರ್ವೆಯವ್ರು ಚಿಕ್ಕಬಳ್ಳಾಪುರದಿಂದ ಯಾವ ಕಾಲಕ್ಕೆ ಬರ್ತಾರೋ. ನಾಳೆ ಕುಲವಾಡಿ ಮಣ್ಣು ಹೊತ್ತು ನಡೀತಾನೆ, ಶಾನುಭೋಗ್ರು ಬರ್ಕೊಂತಾರೆ. ಅದರ ಮೇಲೆ ಯಾವ ಕೋರ್ಟೂ ಇಲ್ಲ."

ಕುಲವಾಡಿ ನಲ್ಲಪ್ಪ ಪಿಳ್ಳಮ್ಮನ ಗಂಡ. ಎಲ್ಲೆಯ ತಕರಾರು ಬಂದಾಗ ಕೇರಿಯ ಕುಲವಾಡಿ ಆ ನೆಲದ ಮಣ್ಣನ್ನು ಮುದ್ದೆ ಕಟ್ಟಿ ತಲೆಯ ಮೇಲಿಟ್ಟು ನಡೆಯಬೇಕು. ಅವನು ನಡೆದದ್ದೇ ಎಲ್ಲೆ. ಹೊತ್ತ ಮೇಲೆ ನಿಲ್ಲುವಂತಿಲ್ಲ, ಹಿಂದಿರುಗಿ ನೋಡುವಂತಿಲ್ಲ. ನೋಡಿದರೆ ನಡೆದದ್ದು ಸುಳ್ಳಾಗುತ್ತದೆ. ವರ್ಷವೆಲ್ಲ ಊರಾಚೆ ನಿಲ್ಲುವವನ ಬೆನ್ನ ಹಿಂದೆ ಆ ಒಂದು ಹೊತ್ತು ಊರೆಲ್ಲ ನಡೆಯುತ್ತಿತ್ತು.

ಪಿಳ್ಳಮ್ಮ ನೀರು ಕೇಳಿದಳು. ಅನಂತರಾಮಯ್ಯನವರ ಹೆಂಡತಿ ಜಾನಕಮ್ಮ ಮೆಟ್ಟಿಲ ಮೇಲೆ ನಿಂತು ಅವಳ ಬೊಗಸೆಗೆ ಎತ್ತರದಿಂದ ಹೊಯ್ದರು.

"ನಿಮ್ಮ ಬಾವಿ ನೀರು ಸಿಹಿಯಂತಲ್ಲೇ? ಅಲ್ಲಿ ಗುಲಾಬಿ ಹಾಕಿಸ್ತೀವಿ. ನೀನೇ ಬಂದು ನೀರು ಹಾಕುವೆಯಂತೆ, ಪಾಪ."

ಬೊಗಸೆ ತುಂಬುವ ಮೊದಲೇ ಚೊಂಬು ನೆಟ್ಟಗಾಯಿತು.

ಅಷ್ಟರಲ್ಲಿ ಪಟೇಲ ನಲ್ಲಪ್ಪನನ್ನು ಸುಣ್ಣದ ಗುಂಡಿಯ ಬಳಿಗೆ ಕರೆಸಿದ್ದ.

"ಏಮಿರಾ ನಲ್ಲಾ, ಆನೆಬಂಡೆ ಹತ್ರ ಎಡಕ್ಕೆ ತಿರುಗು. ಗುಡಿಸಲೆಲ್ಲ ಒಳಕ್ಕೆ ಹಾಕ್ಕೊಂಡು ಸುತ್ತಿ ಬಾ. ಅಷ್ಟೆ."

"ಮಣ್ಣು ಹೊತ್ತು ಸುಳ್ಳು ನಡೆದ್ರೆ ನೆತ್ರು ಕಾರ್ಕೊಂಡು ಸಾಯ್ತೀನಿ ಸಾಮಿ. ನಮ್ಮಪ್ಪ ಹೇಳವ್ನೆ."

"ನಡೀದಿದ್ರೆ ನಾನೇ ಕಾರಿಸ್ತೀನಿ, ಬೋಳಿಮಗ್ನೆ. ಯಾವುದು ಬೇಕು ನೋಡ್ಕೊ."

ಮಧ್ಯಾಹ್ನ ಮುದ್ದೆ ಮುರಿಯುತ್ತ ನಲ್ಲಪ್ಪ ಇದನ್ನು ಹೆಂಡತಿಗೆ ಹೇಳಿದ. ಅವಳು ಕೈಯಲ್ಲಿದ್ದ ತುತ್ತು ಕೆಳಗಿಟ್ಟಳು.

"ಎಲ್ಲೆಕಲ್ಲು ಕಳೆದಿಲ್ಲ," ಎಂದಳು. "ತಳಪಾಯ ತೋಡೋವಾಗ ನನ್ನ ಹಾರೆಗೇ ಸಿಕ್ತು. ಪಟೇಲ ಅಲ್ಲೇ ಹೂಳು ಅಂದ, ಹೂಳಿದೆ. ಈಗ ಅವ್ರ ಹೊಸ ಮನೆ ದೇವರ ಕೋಣೆ ಕೆಳಗೈತೆ. ಅದರಾಚೆ ನೆಲವೆಲ್ಲ ಕೇರೀದು."

"ಬಾಯಿ ಮುಚ್ಕಳ್ಳೇ."

"ಎಲ್ಡು ತಿಂಗ್ಳಿಂದ ಮುಚ್ಕೊಂಡೇ ಇವ್ನಿ."

ಮರುದಿನ ಬೆಳಿಗ್ಗೆ ನಲ್ಲಪ್ಪ ಬಾವಿಯಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ಮಣ್ಣಿನ ಮುದ್ದೆ ಹೊತ್ತು ಕಾಲುವೆಯಿಂದ ಹೊರಟ. ಹಿಂದೆ ಪಟೇಲ, ಅವನ ಆಳುಗಳು, ಕೊಡೆ ಹಿಡಿದ ಶಾನುಭೋಗ ವೆಂಕಟೇಶಮೂರ್ತಿ, ಅವರಿಂದ ಮಾರು ದೂರ ಬಿಟ್ಟು ಕೇರಿ. ಆನೆಬಂಡೆಯವರೆಗೆ ಸರಿಯಾಗಿ ನಡೆದ. ಅಲ್ಲಿ ಅವನ ಕಾಲು ಎಡಕ್ಕೂ ಹೋಗಲಿಲ್ಲ, ನೇರಕ್ಕೂ ಹೋಗಲಿಲ್ಲ. ಕುಸಿದು ಕೂತ.

ಪಟೇಲ ಅವನ ಸೊಂಟಕ್ಕೆ ಒದ್ದ. ಮುದ್ದೆ ಉರುಳಿ ಗರಿಕೆಯ ಮೇಲೆ ನಿಂತಿತು. ಒಡೆಯಲಿಲ್ಲ.

ಮನೆಯ ಕೆಲಸಕ್ಕೆ ಮಣ್ಣು ಹೊತ್ತು ಅದೇ ದಾರಿಯಲ್ಲಿ ಬರುತ್ತಿದ್ದ ಪಿಳ್ಳಮ್ಮ ಮಂಕರಿಯನ್ನು ಪಟೇಲನ ಮೆಟ್ಟಿನ ಬುಡಕ್ಕೇ ಸುರಿದಳು. ಬಗ್ಗಿ ಮುದ್ದೆ ಎತ್ತಿ ಸಿಂಬೆಯ ಮೇಲಿಟ್ಟುಕೊಂಡಳು.

"ಏಯ್, ಹೆಂಗಸು ಹೊರೋ ಹಾಗಿಲ್ಲ ಕಣೇ ಅದನ್ನ!" ಎಂದರು ಶಾನುಭೋಗರು.

"ಈ ಮನೆ ಮಣ್ಣೆಲ್ಲ ನನ್ನ ತಲೆ ಮೇಲೇ ಬಂದಿದ್ದು. ಆವಾಗ ನಾನು ಗಂಡ್ಸಾಗಿದ್ನಾ ಸಾಮಿ?"

ಕೇರಿಯವರಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

ಅವಳು ಎಡಕ್ಕೆ ತಿರುಗಲಿಲ್ಲ. ನೇರ ಮನೆಯ ಕಡೆಗೆ ನಡೆದಳು. ನಲ್ಲಪ್ಪನೂ ಎದ್ದು ಕೇರಿಯವರೊಡನೆ ಹಿಂದೆ ಬಂದ. ಹೊಸ್ತಿಲ ಅರಿಸಿನ ಇನ್ನೂ ಹಸಿಯಾಗಿತ್ತು. ಜಾನಕಮ್ಮ ಎರಡೂ ಕೈ ಚಾಚಿ ಅಡ್ಡ ನಿಂತರು.

"ನಿಲ್ಲೇ! ನಿನ್ನೆ ಸಾಯಂಕಾಲ ಬಾಗಿಲು ಪೂಜೆ ಆಗಿದೆ, ನಿಲ್ಲೇ!"

ಪಿಳ್ಳಮ್ಮ ನಿಲ್ಲುವಂತಿರಲಿಲ್ಲ. ಅವಳ ಮೈ ತಾಕೀತೆಂದು ಜಾನಕಮ್ಮನೇ ಗೋಡೆಗೆ ಒತ್ತಿಕೊಂಡರು. ಅವಳು ಹೊಸ್ತಿಲು ದಾಟಿ, ಬಾಗಿಲಿಲ್ಲದ ದೇವರ ಮನೆಯ ನಡುವೆ ಹಾದಳು.

"ಬರ್ಕಳಿ ಶಾನುಭೋಗ್ರೆ! ಇಲ್ಲೈತೆ ಕಲ್ಲು!"

ಹಿಂದೆ ಬರುತ್ತಿದ್ದ ಕೇರಿಯ ಹೆಜ್ಜೆಗಳು ಬಾಗಿಲಲ್ಲೇ ನಿಂತವು. ದೊಣ್ಣೆಗಳು ಅಡ್ಡ ಬಿದ್ದ ಸದ್ದು. ಪಟೇಲನ ದನಿ: "ಮೊದ್ಲು ಈ ನನ್ಮಗನ್ನ ಹಾಕ್ರೋ!" ಆಮೇಲೆ ಮೈಮೇಲೆ ದೊಣ್ಣೆ ಬೀಳುವ ಸದ್ದು.

"ಪಿಳ್ಳೀ!"

ಅದು ನಲ್ಲಪ್ಪ. ಅವಳ ಕುತ್ತಿಗೆಯ ನರ ಬಿಗಿಯಿತು. ತಿರುಗಿದರೆ ಗುಡಿಸಲು ಹೋಯಿತು, ಬಾವಿ ಹೋಯಿತು.

"ಪಿಳ್ಳೀ, ಸಾಯ್ತೀನಿ ಕಣೇ!"

ಪಡಸಾಲೆಯಲ್ಲಿ ಅನಂತರಾಮಯ್ಯನವರು ಕುರ್ಚಿ ಬಿಟ್ಟೇಳಲಿಲ್ಲ. ಅವಳ ಸೆರಗು ಸೋಕದಂತೆ ಕಾಲು ಮೇಲೆತ್ತಿಕೊಂಡರು. ಎದುರಿಗೆ ಕಿಟಕಿ, ಅದರ ತುಂಬ ನಂದಿಬೆಟ್ಟ, ಬುಡದಲ್ಲಿ ಎಳೆ ಹೊಗೆ. ಪಿಳ್ಳಮ್ಮ ಮೊಣಕಾಲೆತ್ತರದ ಗೋಡೆ ದಾಟಿ ಒಂದು ಕಾಲು ಆಚೆಗಿಟ್ಟಳು.

ಹಿಂದೆ ನಲ್ಲಪ್ಪನ ದನಿ ನಿಂತುಹೋಯಿತು.

ದೊಣ್ಣೆಯ ಸದ್ದು ನಿಂತಿರಲಿಲ್ಲ.

ಅವಳು ಇನ್ನೊಂದು ಕಾಲನ್ನೂ ಎತ್ತಿ ಆಚೆಗಿಟ್ಟಳು.