ಹೆಣಿಗೆ ಯಂತ್ರದ ಹಾಜರಿ

“ಮೊದಲು ಆ ಡಬ್ಬದ ಮೇಲಿಂದ ಕೈ ತೆಗಿ. ಅದನ್ನ ಬಿಚ್ಚೋಕೆ ನಿನಗ್ಯಾರು ಹೇಳಿದ್ದು?”

“ಅಮ್ಮ ಹೇಳಿದ್ದು. ಡಬ್ಬ ಅಮ್ಮಂದು, ನಿಮ್ಮದಲ್ಲ.”

“ಹದಿನೆಂಟು ವರ್ಷ ಅದನ್ನ ಸಾಕಿದವನು ನಾನು.”

“ಅದು ಸತ್ತು ನಾಲ್ಕು ದಿನ ಆಯ್ತು ಮಾವ. ಹೆಣದ ಮುಂದೆ ಕಾವಲು ನಿಂತಿದ್ದೀರ.”

ಸೋಮವಾರ ಬೆಳಿಗ್ಗೆ ಅಕ್ಕನ ಹೆಣಿಗೆ ಕೋಣೆಯಲ್ಲಿ ನಡೆದ ಜಗಳ ಇದು. ಸ್ಕ್ರೂಡ್ರೈವರ್ ಹಿಡಿದು ನಿಂತವಳು ಅಕ್ಕನ ಮಗಳು. ಆಳು ಚೋಟುದ್ದ, ಬಾಯಿ ಮಾರುದ್ದ. ಅವಳು ಮಾತು ಕಲಿತ ವರ್ಷವೇ ನಾನು ಮೆಣಸು ಎಂದು ಹೆಸರಿಟ್ಟೆ. ಮೂವತ್ತು ದಾಟಿದರೂ ಆ ಹೆಸರು ಹೋಗಿಲ್ಲ, ಖಾರವೂ ಇಳಿದಿಲ್ಲ. ಒಂದು ಗ್ರಂಥಾಲಯದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ಅಲ್ಲಿ ಹೊಸದನ್ನು ಕೇಳಿದರೆ ಯಾರೂ ಕೊಡುವುದಿಲ್ಲ, ಹಳೆಯದನ್ನೇ ಹೇಗೋ ಓಡಿಸಬೇಕು.

ನಾನು ಅಕ್ಕನ ಮೆಕ್ಯಾನಿಕ್. ಓದಿದ್ದು ಹಳ್ಳಿ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಆದರೆ ಆ ಕೋಣೆಯ ಹೆಣಿಗೆ ಯಂತ್ರದ ನಾನೂರ ಎಂಬತ್ತು ಸೂಜಿಗಳಲ್ಲಿ ಯಾವುದು ಬಾಗಿದೆ ಎಂದು ಸದ್ದು ಕೇಳಿಯೇ ಹೇಳಬಲ್ಲೆ. ಸೂಜಿಗಳ ಸಾಲಿನ ಮೇಲೆ ನೂಲು ಹೊತ್ತ ಒಂದು ಗಾಡಿ ಎಡಕ್ಕೂ ಬಲಕ್ಕೂ ಓಡುತ್ತದೆ. ಯಾವ ಸಾಲಿಗೆ ಯಾವ ಸೂಜಿ ಏಳಬೇಕು ಎಂದು ಹೇಳುವುದು ಪಕ್ಕದ ಕಂಪ್ಯೂಟರು. ಯಂತ್ರ ಗಟ್ಟಿಯಾಗಿಯೇ ಇತ್ತು. ಕಂಪ್ಯೂಟರು ಮಾತ್ರ ಹಿಂದಿನ ಗುರುವಾರ ಸುಟ್ಟ ವಾಸನೆ ಬಿಟ್ಟು ಮಲಗಿತು.

ಅಕ್ಕನಿಗೆ ಅದು ಬರೀ ಯಂತ್ರವಲ್ಲ. ಚೌಕಳಿ ಕಾಗದದಲ್ಲಿ ಒಂದೊಂದೇ ಮನೆಗೆ ಪೆನ್ಸಿಲ್ ತುಂಬಿ ಅವಳು ಮಾಡಿದ ಸ್ವೆಟರ್ ವಿನ್ಯಾಸಗಳು ಇನ್ನೂರ ಹನ್ನೊಂದು. ಯಾವ ಅಂಗಡಿಯಲ್ಲೂ ಸಿಗದವು. ಹೊಸ ಯಂತ್ರ ಮಾರುವ ಏಜೆಂಟ್ ಒಬ್ಬ ಶುಕ್ರವಾರವೇ ಬಂದು, ಮಿರಮಿರ ಮಿಂಚುವ ಪುಸ್ತಕ ಬಿಡಿಸಿ ಕೂತಿದ್ದ. ಅವನ ಯಂತ್ರದೊಳಗೆ ವಿನ್ಯಾಸಗಳು ಮೊದಲೇ ತುಂಬಿ ಬಂದಿರುತ್ತವೆ, ಹೊರಗಿನದನ್ನು ಅದು ತೆಗೆದುಕೊಳ್ಳುವುದಿಲ್ಲ. ಅಕ್ಕ ಆ ಪುಟಗಳನ್ನು ತಿರುವಿದ್ದನ್ನು ನೋಡಿದರೆ ಬೇರೆಯವರ ಮನೆಯ ಮಕ್ಕಳ ಫೋಟೊ ನೋಡುತ್ತಿದ್ದಾಳೆ ಅನ್ನಿಸುತ್ತಿತ್ತು. ಆದರೂ ಮಾತು ಕೊಟ್ಟಳು. ಬರುವ ಶುಕ್ರವಾರ ಹತ್ತು ಗಂಟೆಗೆ ಈ ಯಂತ್ರ ಓಡದಿದ್ದರೆ ಹೊಸದಕ್ಕೆ ಸಹಿ, ಹಳೆಯದು ಗುಜರಿಗೆ. ಅಕ್ಕ ಕೊಟ್ಟ ಮಾತು ತಪ್ಪಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ಅದಕ್ಕೇ ಮೆಣಸು ಐದು ದಿನದ ರಜೆ ಹಾಕಿ ಬಂದಿದ್ದಳು. ಗ್ರಂಥಾಲಯದ ಉಗ್ರಾಣದಿಂದ ಹದಿನಾಲ್ಕು ವರ್ಷದ ಹಳೆಯ ಕಂಪ್ಯೂಟರ್ ಒಂದನ್ನು ಕೇಳಿ ತಂದಿದ್ದಳು. ಅದಕ್ಕೆ ಕಂಪ್ಯೂಟರನ್ನು ನಡೆಸುವ, ಯುನಿಕ್ಸ್ ವಂಶದ ಒಂದು ವ್ಯವಸ್ಥೆ ಹಾಕುತ್ತಾಳಂತೆ. ಯಾವ ಕಂಪನಿಯದೂ ಅಲ್ಲವಂತೆ, ದೇಶ ದೇಶದ ಜನ ತಮ್ಮ ಬಿಡುವಿನಲ್ಲಿ ಕೂತು ಮಾಡಿ ಪುಗಸಟ್ಟೆ ಕೊಡುತ್ತಾರಂತೆ. ಪುಗಸಟ್ಟೆ ಬಂದ ಎತ್ತಿಗೆ ಹಲ್ಲೇ ಇರುವುದಿಲ್ಲ ಎಂದು ನಾನು ಹೇಳಿದೆ. ಇರುವ ಎತ್ತು ಉಸಿರೇ ಬಿಟ್ಟಿದೆಯಲ್ಲ ಎಂದು ಅವಳು ಹೇಳಿದಳು. ನನ್ನ ದನಿ ಏರಿತು, ಅವಳದೂ ಏರಿತು. ಅಕ್ಕ ಕೈಯಲ್ಲಿದ್ದ ನೂಲಿನ ಉಂಡೆಯನ್ನು ಮೇಜಿನ ಮೇಲೆ ಕುಕ್ಕಿದಳು.

“ಇಬ್ಬರೂ ಬಾಯಿ ಮುಚ್ಚಿ. ಅವಳು ಬಿಚ್ಚಲಿ. ನೀನು ಹೋಗಿ ಟೀ ಮಾಡು.”

ಐವತ್ತೆರಡು ವರ್ಷದ ಗಂಡಸು ನಾನು. ಹೋಗಿ ಟೀ ಮಾಡಿದೆ.

ಟೀ ತರುವಷ್ಟರಲ್ಲಿ ಮೆಣಸು ಸತ್ತ ಕಂಪ್ಯೂಟರಿನಿಂದ ಡಿಸ್ಕ್ ಬಿಚ್ಚಿ ತನ್ನದಕ್ಕೆ ಸಿಕ್ಕಿಸಿದ್ದಳು. ಇನ್ನೂರ ಹನ್ನೊಂದು ವಿನ್ಯಾಸಗಳೂ ಒಂದು ಮೊಟ್ಟೆಯೂ ಒಡೆಯದ ಬುಟ್ಟಿಯಂತೆ ಈಚೆ ಬಂದಿದ್ದವು. ಅಕ್ಕ ಪರದೆಯ ಹತ್ತಿರ ಬಗ್ಗಿ, ಹಂಸದ ಜೋಡಿ ಇದೆಯೇ, ಮೆಟ್ಟಿಲು ಗೆರೆ ಇದೆಯೇ ಎಂದು ಒಂದೊಂದನ್ನೇ ವಿಚಾರಿಸಿಕೊಂಡಳು. ನಾನು ಮೆಣಸಿನ ಲೋಟಕ್ಕೆ ಸಕ್ಕರೆ ಒಂದು ಚಮಚ ಹೆಚ್ಚು ಹಾಕಿದೆ.

ತೊಂದರೆ ಬಂದದ್ದು ಆಮೇಲೆ. ನಮ್ಮ ಯಂತ್ರದ ತಂತಿಗೆ ಹಳೆಯ ಪ್ರಿಂಟರುಗಳಿಗೆ ಇರುತ್ತಿದ್ದಂಥ ಅಗಲ ಬಾಯಿಯ ಪ್ಲಗ್ಗು. ಗ್ರಂಥಾಲಯದ ಕಂಪ್ಯೂಟರಿಗೆ ಆ ಬಾಯಿಯೇ ಇಲ್ಲ. ಮೆಣಸು ನನ್ನ ಸತ್ತ ಡಬ್ಬದೊಳಗಿನಿಂದ ಅಂಗೈ ಅಗಲದ ಕಾರ್ಡು ಕಿತ್ತು ಇದಕ್ಕೆ ಕೂರಿಸಿ ಸ್ವಿಚ್ ಒತ್ತಿದಳು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಸರಸರ ಓಡಿದವು. ಇದೇನು ಎಂದು ಕೇಳಿದೆ.

ಹಾಜರಿ ಕರೆಯುವುದು ಎಂದಳು. ಎದ್ದ ಕೂಡಲೇ ಈ ವ್ಯವಸ್ಥೆ ಒಳಗಿರುವ ಒಂದೊಂದು ಭಾಗವನ್ನೂ ಹೆಸರು ಹಿಡಿದು ಕರೆಯುತ್ತದೆ. ಡಿಸ್ಕ್ ಹಾಜರ್, ಕೀಬೋರ್ಡ್ ಹಾಜರ್, ಧ್ವನಿ ಹಾಜರ್. ಯಾರು ಯಾರು ಎಲ್ಲೆಲ್ಲಿ ಕೂತಿದ್ದಾರೆ ಎಂದು ಬರೆದಿಟ್ಟುಕೊಂಡೇ ಪಾಠ ಶುರು. ಇಷ್ಟು ಚೆನ್ನಾಗಿ ನನಗೆ ಕಂಪ್ಯೂಟರಿನ ವಿಷಯ ಯಾರೂ ಹೇಳಿರಲಿಲ್ಲ. ನಾನು ಕನ್ನಡಕ ಏರಿಸಿ ನಮ್ಮ ಕಾರ್ಡಿನ ಹೆಸರು ಹುಡುಕಿದೆ. ಇತ್ತು. ಅದರ ಮುಂದೆ ‘ನಾಟ್ ಕಾನ್ಫಿಗರ್ಡ್’ ಎಂದಿತ್ತು.

“ಹಂಗಂದರೆ?”

“ಕ್ಲಾಸಲ್ಲಿ ಕೂತಿದ್ದಾನೆ, ಆದರೆ ಯಾರ ಪೈಕಿ ಅಂತ ಮೇಷ್ಟ್ರಿಗೆ ಗೊತ್ತಿಲ್ಲ.”

ಆ ವ್ಯವಸ್ಥೆಗೆ ಯಾವ ಯಾವ ಹಳೆಯ ಭಾಗ ಹೊಂದುತ್ತದೆ ಎಂದು ಅದನ್ನು ಮಾಡುವವರು ಒಂದು ಪಟ್ಟಿ ಇಟ್ಟಿದ್ದಾರೆ. ನಮ್ಮ ಕಾರ್ಡಿನ ಅಣ್ಣ ಅದರಲ್ಲಿತ್ತು, ತಮ್ಮ ಇತ್ತು, ಇದು ಮಾತ್ರ ಇರಲಿಲ್ಲ. ಮೆಣಸು ಹಾಜರಿಯ ಸಾಲುಗಳನ್ನೆಲ್ಲ ನಕಲು ಮಾಡಿ ಅವರಿಗೆ ಪತ್ರ ಬರೆದಳು. ಗುರುತಿಲ್ಲದವರಿಗೆ ಬರೆದ ಪತ್ರಕ್ಕೆ ಉತ್ತರ ಬಂದರೆ ನನ್ನ ಅರ್ಧ ಮೀಸೆ ಬೋಳಿಸುತ್ತೇನೆ ಎಂದೆ.

ಮಂಗಳವಾರ ಬೆಳಿಗ್ಗೆ ಉತ್ತರ ಬಂದಿತ್ತು. ಬರೆದವನು ಯಾವುದೋ ದೂರದೂರಿನ ಗಡಿಯಾರ ರಿಪೇರಿಯವನು. ಬಿಡುವಿನಲ್ಲಿ ಇಂಥ ಕಾರ್ಡುಗಳ ಯೋಗಕ್ಷೇಮ ಅವನದೇ ಅಂತೆ. ಈ ಜಾತಿಯ ಕಾರ್ಡನ್ನು ಆರು ವರ್ಷದಿಂದ ಯಾರೂ ಕೇಳಿಲ್ಲ, ವ್ಯವಸ್ಥೆಯಿಂದ ಇದರ ಅಧ್ಯಾಯವನ್ನೇ ಈ ತಿಂಗಳು ಹರಿದು ಹಾಕೋಣ ಎಂದಿದ್ದೆವು, ಸ್ವೆಟರ್ ಹೆಣೆಯುವವರು ಇದ್ದೀರಿ ಎಂದು ತಿಳಿದು ಖುಷಿಯಾಯಿತು ಎಂದು ಬರೆದು, ಎಲ್ಲಿ ಸೇರಿಸಬೇಕು ಎಂದು ತಿಳಿಸಿ ಎರಡು ಸಾಲು ಕಳಿಸಿದ್ದ. ಮೆಣಸು ಅದನ್ನು ಓದಿ ಹೇಳಿದಾಗ ಅಕ್ಕ ಎರಡು ಸಲ ಓದಿಸಿದಳು. ಆಮೇಲೆ ಇಬ್ಬರೂ ನನ್ನ ಮೀಸೆಯ ಕಡೆ ನೋಡಿದರು.

ಎರಡು ಸಾಲು ಸೇರಿಸಿ, ವ್ಯವಸ್ಥೆಯನ್ನು ಮತ್ತೆ ಕಟ್ಟಿ ಮುಗಿಸುವ ಹೊತ್ತಿಗೆ ಬುಧವಾರ ಮಧ್ಯಾಹ್ನವಾಯಿತು. ಆ ಹಳೆಯ ಪೆಟ್ಟಿಗೆಯದು ಬಸುರಿ ಎಮ್ಮೆಯ ನಡಿಗೆ. ಹಾಜರಿ ಕರೆಯಿತು. ನಮ್ಮ ಕಾರ್ಡು ಹಾಜರ್. ಅಕ್ಕ ಗಾಡಿಗೆ ನೂಲು ಏರಿಸಿದಳು, ಮೆಣಸು ಗುಂಡಿ ಒತ್ತಿದಳು, ನಾವು ಮೂವರೂ ಉಸಿರು ಹಿಡಿದೆವು.

ಯಂತ್ರ ಮಿಸುಕಲಿಲ್ಲ.

ಬುಧವಾರ ಸಂಜೆವರೆಗೂ ಮಿಸುಕಲಿಲ್ಲ, ಗುರುವಾರ ಬೆಳಿಗ್ಗೆಯೂ ಇಲ್ಲ. ನನಗೆ ಬಾಯಿ ತೆರೆಯಲು ಒಳ್ಳೆಯ ಅವಕಾಶ ಸಿಕ್ಕಿತು. ಹಳೆಯ ಯಂತ್ರಕ್ಕೆ ಹೊಸ ಪುಗಸಟ್ಟೆ ಹೊಂದುವುದಿಲ್ಲ ಎಂದೆ, ಗಡಿಯಾರದವನಿಗೆ ಹೆಣಿಗೆ ಏನು ಗೊತ್ತು ಎಂದೆ, ಇನ್ನೂ ಏನೇನೋ ಅಂದೆ. ಮೆಣಸು ತಿರುಗಿ ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಅಕ್ಕ ತನ್ನ ಚೌಕಳಿ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿ ದಾರ ಕಟ್ಟುತ್ತಿದ್ದಳು.

ಹನ್ನೊಂದರ ಹೊತ್ತಿಗೆ ಮೆಣಸು ಪರದೆಯಿಂದ ಮುಖ ತಿರುಗಿಸಿದಳು.

“ಮಾವ, ಇದು ಕೆಟ್ಟು ನಿಂತಿಲ್ಲ, ಕಾಯ್ತಾ ಇದೆ. ನಿಮ್ಮ ಹಳೇ ಪ್ರೋಗ್ರಾಂ ಶುರುಮಾಡೋವಾಗ ಏನೂ ಕೇಳದೆ ನುಗ್ಗುತ್ತಿತ್ತು. ಇದು ಮೊದಲು ‘ತಯಾರಿದ್ದೀಯಾ’ ಅಂತ ಯಂತ್ರನ ಕೇಳುತ್ತೆ. ಯಂತ್ರ ಮೂರು ಹೊತ್ತೂ ‘ತಾಳು, ತಾಳು’ ಅಂತಿದೆ. ಆ ತಂತೀಲಿ ಏನೋ ಸುಳ್ಳು ಹೇಳ್ತಿದೆ.”

ಸುಳ್ಳು ಹೇಳಿಸಿದವನು ಯಾರೆಂದು ನನಗೆ ಥಟ್ಟನೆ ಹೊಳೆಯಿತು.

ಯಂತ್ರದ ಪಕ್ಕದಲ್ಲಿ ನೂಲು ಹಾದುಹೋಗುವ ಒಂದು ಸಣ್ಣ ಕಡ್ಡಿ ಇದೆ. ನೂಲು ಹರಿದರೆ ಕಡ್ಡಿ ಬೀಳಬೇಕು, ಕಂಪ್ಯೂಟರಿಗೆ ಸುದ್ದಿ ಹೋಗಬೇಕು, ಯಂತ್ರ ನಿಲ್ಲಬೇಕು. ಹದಿನೈದು ವರ್ಷದ ಹಿಂದೆ ಅದು ನೂಲು ಹರಿಯದಿದ್ದರೂ ಹತ್ತು ನಿಮಿಷಕ್ಕೊಮ್ಮೆ ಬಿದ್ದು ನನ್ನ ತಲೆ ತಿನ್ನುತ್ತಿತ್ತು. ಒಂದು ದಿನ ಸಿಟ್ಟು ನೆತ್ತಿಗೇರಿ ಪ್ಲಗ್ಗು ಬಿಚ್ಚಿ, ಆ ಸುದ್ದಿ ಒಯ್ಯುವ ತಂತಿಯ ಎಳೆಯನ್ನು ಕತ್ತರಿಸಿ, ‘ತಾಳು’ ಎನ್ನುವ ಪಕ್ಕದ ಎಳೆಗೆ ಬೆಸುಗೆ ಹಾಕಿದೆ. ಆಮೇಲೆ ಯಂತ್ರ ನಿಲ್ಲಲಿಲ್ಲ. ಅಕ್ಕ ನನ್ನ ಕೈಗುಣ ಹೊಗಳಿದಳು. ನಾನೂ ಒಪ್ಪಿಕೊಂಡು ಮರೆತೆ.

ಊಟಕ್ಕೆ ಕರೆದಾಗ ಹಸಿವಿಲ್ಲ ಎಂದೆ. ಇಬ್ಬರೂ ಅಡುಗೆಮನೆಗೆ ಹೋದ ಮೇಲೆ ಯಂತ್ರದ ಹಿಂದೆ ಅಂಗಾತ ಮಲಗಿ ಪ್ಲಗ್ಗು ಬಿಚ್ಚಿ ಹಳೆಯ ಬೆಸುಗೆಯನ್ನು ಕಾಯಿಸತೊಡಗಿದೆ. ಸದ್ದಿಲ್ಲದೆ ಸರಿಮಾಡಿ ಏನೂ ಗೊತ್ತಿಲ್ಲದವನಂತೆ ಎದ್ದುಬಿಡುವುದು ನನ್ನ ಯೋಚನೆ. ಆದರೆ ನಾನು ಊಟ ಬಿಟ್ಟದ್ದನ್ನು ಅಕ್ಕ ಜನ್ಮದಲ್ಲಿ ಕಂಡವಳಲ್ಲ. ಎರಡು ನಿಮಿಷಕ್ಕೆ ಅವಳ ಚಪ್ಪಲಿ ನನ್ನ ಮೂಗಿನ ಹತ್ತಿರ ಬಂದು ನಿಂತಿತು.

“ಏನು ಮಾಡ್ತಿದ್ದೀಯ?”

“ಏನಿಲ್ಲ.”

“ಏನಿಲ್ಲದ್ದಕ್ಕೆ ಇಷ್ಟು ಹೊಗೆಯೇನೋ?”

ಮಲಗಿಕೊಂಡೇ ಹೇಳಿದೆ. ಎದ್ದು ನಿಂತು ಹೇಳುವ ಮುಖ ಇರಲಿಲ್ಲ. ಬೆಸುಗೆ, ಕಡ್ಡಿ, ಹದಿನೈದು ವರ್ಷ, ಎಲ್ಲ. ತಟ್ಟೆ ಹಿಡಿದೇ ಬಂದಿದ್ದ ಮೆಣಸಿನ ಕಾಲು ಕೂಡ ಬಾಗಿಲಲ್ಲಿ ನಿಂತಿತ್ತು.

“ಹಂಗಾದರೆ ನೂಲು ಹರಿದರೂ ಇದು ನಿಲ್ತಿರಲಿಲ್ಲ,” ಅಕ್ಕ ನಿಧಾನವಾಗಿ ಹೇಳಿದಳು.

“ಇಲ್ಲ.”

“ಅದಕ್ಕೇ ಸ್ವೆಟರಲ್ಲಿ ತೂತು ಬೀಳ್ತಿತ್ತು.”

“ಹೌದು.”

“ನೂಲಿನವನಿಗೆ ಹದಿನೈದು ವರ್ಷ ಬೈದೆನಲ್ಲೋ. ಅವನ ಅಪ್ಪನನ್ನೂ ಬಿಡಲಿಲ್ಲವಲ್ಲೋ.”

ನಾನು ತೆವಳಿಕೊಂಡು ಈಚೆ ಬಂದೆ. ನನ್ನ ಮೈಮೇಲಿದ್ದದ್ದು ಅಂಥದೇ ಒಂದು ತೂತಿನ ಸ್ವೆಟರು. ಮಾರಲಾಗದೆ ಉಳಿದದ್ದನ್ನೆಲ್ಲ ಹದಿನೈದು ವರ್ಷದಿಂದ ಮನೆಯವರೇ ತೊಡುತ್ತಿದ್ದೆವು. ಅಕ್ಕ ನನ್ನ ಹೊಟ್ಟೆಯ ಮೇಲಿನ ತೂತಿಗೆ ಬೆರಳು ತೂರಿಸಿ ಎಳೆದಳು. ಹೊಡೆಯುತ್ತಾಳೆ ಅಂದುಕೊಂಡೆ. ಅವಳ ಭುಜ ಕುಲುಕಿತು, ಆಮೇಲೆ ಇಡೀ ಮೈ ಕುಲುಕಿತು. ನಗುತ್ತಾ ನಗುತ್ತಾ ನೂಲಿನ ಚೀಲದ ಮೇಲೆ ಕೂತುಬಿಟ್ಟಳು. ಮೆಣಸಿನ ತಟ್ಟೆಯಿಂದ ಅನ್ನ ಚೆಲ್ಲಿತು.

“ಪಟ್ಟಿಗೆ ಬರೆದು ಕಳಿಸ್ತೀನಿ,” ಎಂದಳು ಮೆಣಸು, ಕಣ್ಣು ಒರೆಸಿಕೊಂಡು. “ಕಾರ್ಡು ಹೊಂದುತ್ತೆ. ಯಂತ್ರ ಹೊಂದುತ್ತೆ. ಮಾವ ಹೊಂದಲ್ಲ.”

ಎಳೆಯನ್ನು ಅದರ ಜಾಗಕ್ಕೆ ಬೆಸೆದೆ. ಆ ಕಡ್ಡಿಯ ಬುಡ ಬಿಚ್ಚಿ ನೋಡಿದರೆ ಇಲಿಮರಿಯಷ್ಟು ದಪ್ಪ ನೂಲಿನ ಹೊಟ್ಟು ತುಂಬಿತ್ತು, ಸ್ಪ್ರಿಂಗು ಸಡಿಲವಾಗಿತ್ತು. ಅಂದು ಹತ್ತು ನಿಮಿಷ ತಾಳ್ಮೆ ಇದ್ದಿದ್ದರೆ ಅಷ್ಟೇ ಕೆಲಸ. ಹೊಟ್ಟು ತೆಗೆದೆ. ಬೇರೆ ಸ್ಪ್ರಿಂಗು ಬೇಕಿತ್ತು. ಮೇಜಿನ ಮೇಲೆ ಏಜೆಂಟ್ ಮರೆತು ಹೋಗಿದ್ದ ಒತ್ತು ಪೆನ್ನು ಬಿದ್ದಿತ್ತು. ಅದರದನ್ನು ತೆಗೆದು ಹಾಕಿದೆ, ಹೇಳಿ ಮಾಡಿಸಿದ ಹಾಗೆ ಕೂತಿತು.

ಮೆಣಸು ಗುಂಡಿ ಒತ್ತಿದಳು. ‘ತಯಾರಿದ್ದೀಯಾ’ ಎಂದು ಆ ವ್ಯವಸ್ಥೆ ಕೇಳಿರಬೇಕು, ಯಂತ್ರ ಮೊದಲ ಸಲ ನಿಜ ಹೇಳಿರಬೇಕು. ಗಾಡಿ ಚರ್ರ್ ಎಂದು ಬಲಕ್ಕೆ ಹೋಗಿ ಎಡಕ್ಕೆ ಬಂತು. ಅಕ್ಕ ಎದ್ದು ಪುಸ್ತಕಗಳಿಗೆ ಕಟ್ಟಿದ್ದ ದಾರವನ್ನು ಹಲ್ಲಿನಿಂದ ಕಡಿದು ಬಿಚ್ಚಿದಳು.

ಶುಕ್ರವಾರ ಹತ್ತು ಗಂಟೆಗೆ ಏಜೆಂಟ್ ಬಂದಾಗ ಹಂಸದ ಜೋಡಿಯ ಕುತ್ತಿಗೆಯವರೆಗೆ ಹೆಣಿಗೆ ಏರಿತ್ತು. ಅವನು ಯಂತ್ರವನ್ನು ನೋಡಿದ, ಗ್ರಂಥಾಲಯದ ಚೀಟಿ ಅಂಟಿದ್ದ ಪೆಟ್ಟಿಗೆಯನ್ನು ನೋಡಿದ, ನನ್ನ ಅರ್ಧ ಮೀಸೆಯನ್ನು ಹೆಚ್ಚು ಹೊತ್ತು ನೋಡಿದ. ಇಂಥದ್ದು ಎಷ್ಟು ದಿನ ಓಡೀತು, ನೂಲು ಹರಿದರೂ ಗೊತ್ತಾಗದ ಹಳೇ ಕಾಲದ ಯಂತ್ರ ಎಂದು ಹೀಗಳೆದ. ನಾನು ಕತ್ತರಿ ತೆಗೆದು ಓಡುತ್ತಿದ್ದ ನೂಲನ್ನು ಕಚಕ್ಕನೆ ಕತ್ತರಿಸಿದೆ. ಕಡ್ಡಿ ಬಿತ್ತು, ಗಾಡಿ ಅಲ್ಲಿಂದಲ್ಲಿಗೇ ನಿಂತಿತು. ಪರದೆಯ ಮೇಲೆ ಮೆಣಸು ಬರೆದಿಟ್ಟಿದ್ದ ಸಾಲು ಕಾಣಿಸಿಕೊಂಡಿತು: ನೂಲು ಹರಿದಿದೆ, ಮಾವನನ್ನು ಕರೆಯಿರಿ.

ಅಕ್ಕ ಅವನಿಗೆ ಟೀ ಕೊಟ್ಟು, ಓಡದಿದ್ದರೆ ಎಂದು ತಾನೆ ಮಾತಾಗಿದ್ದು ಎಂದಳು. ಅವನು ತಲೆ ಆಡಿಸಿದ. ಬಂದು ಹೋದೆ ಎಂಬುದಕ್ಕೆ ತನ್ನ ಆಫೀಸಿನವರಿಗೆ ತೋರಿಸಲು ಒಂದು ಸಹಿಯಾದರೂ ಹಾಕಿಕೊಡಿ ಎಂದು ಕೇಳಿದ. ಅದಕ್ಕೇನು, ಧಾರಾಳವಾಗಿ ಎಂದಳು ಅಕ್ಕ. ಅವನು ಜೇಬು ತಡಕಿದ, ಮೇಜಿನ ಮೇಲೆ ತನ್ನದೇ ಪೆನ್ನು ಕಂಡು ಹಿಗ್ಗಿ ಒತ್ತಿದ. ಮುಳ್ಳು ಸರ್ರನೆ ಒಳಕ್ಕೆ ಜಾರಿತು. ಅಲ್ಲಾಡಿಸಿದ, ಮತ್ತೆ ಒತ್ತಿದ.

“ಇದರ ಸ್ಪ್ರಿಂಗು?”

ನಾನು ಯಂತ್ರದ ಕಡೆ ಬೆರಳು ತೋರಿಸಿದೆ. “ಅಲ್ಲಿ ಕೆಲಸಕ್ಕೆ ಸೇರಿಕೊಂಡಿದೆ.”

ಅವನು ಯಂತ್ರವನ್ನು ಒಮ್ಮೆ, ನಮ್ಮ ಮೂವರ ಮುಖವನ್ನು ಒಮ್ಮೆ ನೋಡಿದ. ಬೈಕಿನಲ್ಲಿ ಇನ್ನೊಂದು ಪೆನ್ನಿದೆ, ತರುತ್ತೇನೆ ಎಂದು ಹೇಳಿ, ಮಿಂಚುವ ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದು ಹೊರಗೆ ಹೋದ. ಅಕ್ಕ ಸಹಿಗೆಂದು ಕನ್ನಡಕ ಹಾಕಿಕೊಂಡು ಕೂತಳು. ಹೊರಗೆ ಬೈಕು ಸ್ಟಾರ್ಟ್ ಆದ ಸದ್ದು ಕೇಳಿಸಿತು. ನಾನು ನೂಲು ಗಂಟು ಹಾಕಿದೆ, ಹಂಸಕ್ಕೆ ಕೊಕ್ಕು ಬಂತು, ಕಣ್ಣು ಬಂತು. ಪೆನ್ನು ತರಲು ಹೋದವನು ಮಾತ್ರ ಇನ್ನೂ ಬಂದಿಲ್ಲ.